ಕವಲಿನಲ್ಲಿ ಹಿಟ್ಟಿನ ಬಾಣ

ಬೆಟ್ಟ ಹತ್ತುವ ಗುಂಪಿನಲ್ಲಿ ಕೊನೆಯವರಿಗೆ ವಿಶ್ರಾಂತಿ ಇರುವುದಿಲ್ಲ. ಮುಂದೆ ಹೋದವರು ಓಕ್ ಮರದ ನೆರಳಲ್ಲಿ ಕೂತು, ನೀರು ಕುಡಿದು, ಸಾಕ್ಸು ಕೊಡವಿಕೊಂಡು ಹಿಂದಿನವರಿಗಾಗಿ ಕಾಯುತ್ತಾರೆ. ಕೊನೆಯವಳು ಏದುಸಿರು ಬಿಡುತ್ತ ಆ ನೆರಳನ್ನು ಮುಟ್ಟಿದ ಕೂಡಲೇ ಎಲ್ಲರೂ ಎದ್ದು ಹೊರಡುತ್ತಾರೆ. ನಮ್ಮ ಗುಂಪಿನಲ್ಲಿ ಅದಕ್ಕೊಂದು ಕೂಗೂ ಇತ್ತು: "ಬಂದ್ರು, ಏಳ್ರಪ್ಪಾ!" ಮೊದಲ ಒಂದು ವರ್ಷ ಆ ಕೂಗು ನನಗಾಗಿ ಇತ್ತು.

ನಾವು ಕೆಲಸಕ್ಕೆಂದು ಪರದೇಶಕ್ಕೆ ಬಂದ ಹನ್ನೆರಡು ಹದಿಮೂರು ಜನ ಕನ್ನಡದವರು. ಶನಿವಾರ ಬೆಳಿಗ್ಗೆ ಪ್ಲೆಸೆಂಟನ್ ಊರಿನ ಸುತ್ತಲಿನ ಗುಡ್ಡಗಳನ್ನು ಹತ್ತುತ್ತಿದ್ದೆವು. ಬಿಸಿಲು ಹೆಚ್ಚಾದರೆ ಸರಟೋಗಾದ ಮೇಲಿನ ಕಾಡಿಗೆ ಹೋಗುತ್ತಿದ್ದೆವು. ಹಾಸನದ ಕಡೆಯ ಒಬ್ಬರು ಮುಂದಾಳು. ಐವತ್ತು ದಾಟಿದವರು, ಮೀಟಿಂಗು ನಡೆಸಿದ ಹಾಗೆಯೇ ಚಾರಣವನ್ನೂ ನಡೆಸುವವರು. ಗುಡ್ಡಗಳ ಮಡಿಕೆಗಳಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಮೇಯುವ ದನಗಳು ಮಾಡಿದ ಕಾಲುದಾರಿ ಯಾವುದು, ನಕ್ಷೆಯಲ್ಲಿರುವ ದಾರಿ ಯಾವುದು ಎಂದು ಹೊಸಬರಿಗೆ ತಿಳಿಯುವುದಿಲ್ಲ. ಅದಕ್ಕೆ ಅವರು ಒಂದು ಉಪಾಯ ಹುಡುಕಿದ್ದರು. ಮುಂದೆ ನಡೆಯುವವರ ಕೈಯಲ್ಲಿ ಅಕ್ಕಿಹಿಟ್ಟಿನ ಡಬ್ಬಿ ಇರಬೇಕು. ದಾರಿ ಕವಲೊಡೆದಲ್ಲೆಲ್ಲ ರಂಗೋಲಿ ಎಳೆದಂತೆ ನೆಲದ ಮೇಲೆ ಒಂದು ಬಾಣ ಬಿಡಬೇಕು. ಕೊನೆಗೆ ಬರುವವರು ಅದನ್ನು ಕಾಲಿನಿಂದ ಅಳಿಸಿ ಬರಬೇಕು, ಇಲ್ಲದಿದ್ದರೆ ಬೇರೆಯವರು ದಾರಿ ತಪ್ಪುತ್ತಾರೆ. ಉಳಿದದ್ದು ಇರುವೆಗೆ.

ರಂಗೋಲಿ ತುಳಿಯಬಾರದೆಂದು ಕಲಿತು ಬೆಳೆದವಳು ನಾನು. ಮೊದಮೊದಲು ಬಗ್ಗಿ ಕೈಯಿಂದ ಅಳಿಸುತ್ತಿದ್ದೆ. ಆಮೇಲೆ ಬಗ್ಗುವಷ್ಟು ಉಸಿರು ಉಳಿಯುತ್ತಿರಲಿಲ್ಲ. ಬೂಟಿನಿಂದ ಒರೆಸಿ ಮುಂದೆ ಹೋಗುತ್ತಿದ್ದೆ.

ಎರಡನೆಯ ವರ್ಷ ಹುಬ್ಬಳ್ಳಿಯ ಒಬ್ಬಾಕೆ ಗಂಡನ ಜೊತೆ ಬರತೊಡಗಿದರು. ಗಂಡ ಮೊದಲಿನಿಂದಲೂ ಗುಂಪಿನಲ್ಲಿದ್ದವರು. ಆಫೀಸಿನಲ್ಲಿ ಬೆಂಗಳೂರಿನವರ ಜೊತೆಗಿದ್ದು ಅವರ ಮಾತಿನಲ್ಲಿ ಊರಿನ ಧಾಟಿ ಉಳಿದಿರಲಿಲ್ಲ. ಹೆಂಡತಿಯ ಧಾಟಿಯನ್ನು ಎಲ್ಲರೆದುರು ಅನುಕರಿಸಿ ನಗಿಸುತ್ತಿದ್ದರು. ಆಕೆ ನನಗಿಂತ ಏಳೆಂಟು ವರ್ಷ ದೊಡ್ಡವರು, ಸ್ವಲ್ಪ ದಪ್ಪ, ಏರಿನಲ್ಲಿ ಕೆಮ್ಮುತ್ತಿದ್ದರು. ಆಕೆ ಬಂದ ಮೊದಲ ಶನಿವಾರವೇ ನಾನು ಕೊನೆಯವಳಲ್ಲದೆ ಹೋದೆ. ನಾನೂ ನೆರಳಲ್ಲಿ ಕೂತು ಸಾಕ್ಸು ಕೊಡವಿಕೊಂಡೆ. ಆಕೆ ತಿರುವಿನಲ್ಲಿ ಕಾಣಿಸಿಕೊಂಡಾಗ ಗಂಡ ಕೈಗಡಿಯಾರ ನೋಡಿ, "ಇವಳನ್ನ ಕಾಯ್ತಾ ಕೂತ್ರೆ ಗ್ರೀನ್ ಕಾರ್ಡೇ ಬಂದ್ಬಿಡತ್ತೆ ಕಣ್ರೀ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. "ಬಂದ್ರು, ಏಳ್ರಪ್ಪಾ" ಎಂದವಳೂ ಆ ದಿನ ನಾನೇ.

ವಸಂತದಲ್ಲಿ ಮುಂದಾಳಿಗೆ ಸಿಯೆರಾ ಪರ್ವತಸಾಲಿನ ಒಂದು ದೊಡ್ಡ ಬೆಟ್ಟ ಹತ್ತಲು ಅರಣ್ಯ ಇಲಾಖೆಯ ಲಾಟರಿಯಲ್ಲಿ ಪರ್ಮಿಟ್ಟು ಸಿಕ್ಕಿತು. ಎಂಟು ಜನರಿಗೆ ಮಾತ್ರ. ಏಳು ಹೆಸರುಗಳು ತಾವಾಗಿಯೇ ನಿಂತವು, ಆಕೆಯ ಗಂಡನದೂ ಸೇರಿ. ಎಂಟನೆಯ ಜಾಗವನ್ನು ಕೇಳಿದವರು ಇಬ್ಬರೇ: ಆಕೆ ಮತ್ತು ನಾನು. ಆಕೆ ಬಾಯಿಬಿಟ್ಟು ಕೇಳಿದಾಗ ಗಂಡ, "ನೀನಾ? ಗ್ರೋಸರಿ ಅಂಗಡಿ ಪಾರ್ಕಿಂಗ್ ದಾಟೋಕೆ ಕಾರ್ಟ್ ಹಿಡ್ಕೊಂಡು ನಿಲ್ತೀಯ" ಎಂದರು. ಮುಂದಾಳು ಇಬ್ಬರಿಗೂ ಒಂದು ಪರೀಕ್ಷೆ ಇಟ್ಟರು. ಮೇ ತಿಂಗಳ ಮೊದಲ ಶನಿವಾರ ಗುಡ್ಡದ ತುದಿಯನ್ನು ಯಾರು ಮೊದಲು ಮುಟ್ಟುತ್ತಾರೋ ಅವರ ಹೆಸರು ಪರ್ಮಿಟ್ಟಿಗೆ.

ಅದರ ಹಿಂದಿನ ವಾರ ಆಕೆ ನನ್ನ ಕಾರಿನಲ್ಲಿ ಬಂದಿದ್ದರು. ದಿನಾ ಬೆಳಿಗ್ಗೆ ಅಪಾರ್ಟ್‌ಮೆಂಟಿನ ಹಿಂದಿನ ಏರನ್ನು ಒಬ್ಬಳೇ ಹತ್ತಿ ಇಳಿಯುತ್ತಿದ್ದೇನೆಂದು ಹೇಳಿದರು. ಗಂಡನಿಗೆ ಗೊತ್ತಿಲ್ಲವಂತೆ.

"ಯಾಕಷ್ಟು ಕಷ್ಟ?" ಎಂದೆ.

"ಮನಿ ಅವರ ಹೆಸರ್ಲೆ ಐತಿ, ಕಾರು ಅವರ ಹೆಸರ್ಲೆ. ನನ್ನ ವೀಸಾನೂ ಅವರ ಹೆಸರಿನ ಮ್ಯಾಲೇ ನಿಂತೈತಿ. ಈ ದೇಶದಾಗ ನನ್ನ ಹೆಸರು ನನ್ನ ಕಾಲ ಮ್ಯಾಲೆ ನಿಂತಿದ್ದು ಒಂದ ಕಾಗದಾ ಇಲ್ರಿ. ಇದೊಂದು ಇರ್ಲಿ ಅಂತ, ಅಷ್ಟ." ಆಮೇಲೆ ನಕ್ಕು, "ನಿಮಗೂ ಬೇಕಲ್ಲ, ಪಾಪ. ಇಬ್ರೂ ಓಡೋಣ್ರಿ" ಎಂದರು.

ನನಗೆ ಯಾಕೆ ಬೇಕು ಎಂದು ಆಕೆ ಕೇಳಲಿಲ್ಲ. ಕೇಳಿದ್ದರೂ ಹೇಳುವಂಥ ಕಾರಣವಲ್ಲ ಅದು. ಆಕೆ ನನ್ನನ್ನು ದಾಟಿದರೆ ಕೊನೆಯವಳು ಮತ್ತೆ ನಾನೇ.

ಆ ಶನಿವಾರ ಹುಲ್ಲು ಆಗಲೇ ಹಳದಿಗೆ ತಿರುಗಿತ್ತು. ಮುಂದಾಳು ಡಬ್ಬಿ ಹಿಡಿದು ಹೊರಟರು. ಉಳಿದವರು ಅವರ ಬೆನ್ನು ಹಿಡಿದು ಅರ್ಧ ಗಂಟೆಯೊಳಗೆ ಕಣ್ಮರೆಯಾದರು. ಹಿಂದೆ ಉಳಿದವರು ನಾವಿಬ್ಬರೇ. ಮೊದಲ ಏರಿನಲ್ಲಿ ನನಗೆ ಪಕ್ಕೆ ಹಿಡಿದುಕೊಂಡಿತು. ಆಕೆ ನಿಂತು, ಚೀಲದಿಂದ ಒಂದು ಶೇಂಗಾ ಉಂಡೆ ತೆಗೆದು ಕೊಟ್ಟರು. "ತಗೋರಿ, ಬಲ ಬರ್ತೈತಿ." ಬಲ ಬಂತು. ನಾನು ಆಕೆಯನ್ನು ಬಿಟ್ಟು ಮುಂದೆ ನಡೆದೆ.

ತುದಿಗೆ ಒಂದು ಮೈಲಿ ಇರುವಾಗ ಕವಲು ಸಿಗುತ್ತದೆ. ಅಗಲವಾದ ದಾರಿ ಬಲಕ್ಕೆ ಇಳಿದು ಕಣಿವೆಯಾಚೆಯ ರಸ್ತೆಯ ಗೇಟಿಗೆ ಹೋಗುತ್ತದೆ. ತುದಿಗೆ ಹೋಗುವುದು ಎಡಗಡೆಯ ಕಡಿದಾದ ಸಣ್ಣ ದಾರಿ. ನೋಡಿದರೆ ದನ ಹೋದ ಜಾಡಿನಂತೆ ಕಾಣುತ್ತದೆ. ಬಾಣ ಎಡಕ್ಕಿತ್ತು. ನಾನು ಅಲ್ಲಿ ನಿಂತು ಮಂಡಿ ಹಿಡಿದುಕೊಂಡೆ. ಕೆಳಗಿನ ತಿರುವಿನಿಂದ ಆಕೆಯ ಕೆಮ್ಮು ಕೇಳಿಸಿತು. ಆಮೇಲೆ ಹೆಜ್ಜೆ ಕೇಳಿಸಿತು. ಒಂದೇ ಲಯದ, ದಿನಾ ಏರು ಹತ್ತಿ ಅಭ್ಯಾಸವಾದವರ ಹೆಜ್ಜೆ. ಇನ್ನು ಮೂರು ನಿಮಿಷದಲ್ಲಿ ಆಕೆ ಕವಲಿಗೆ ಬರುತ್ತಾರೆ, ಆ ಏರಿನಲ್ಲಿ ನನ್ನನ್ನು ದಾಟುತ್ತಾರೆ ಎಂದು ಲೆಕ್ಕ ಹಾಕಿದೆ.

ಬಾಣವನ್ನು ಅಳಿಸಿದೆ. ಒಂದು ವರ್ಷದ ಅಭ್ಯಾಸ. ಎರಡು ಸಲ ಬೂಟು ಎಳೆದರೆ ಸಾಕು. ಅಭ್ಯಾಸಬಲದಿಂದ ಹಾಗಾಯಿತು ಎಂದು ಬರೆಯಬಹುದಿತ್ತು. ಆದರೆ ಹಿಟ್ಟು ಕಾಣದ ಹಾಗೆ ಮೇಲೊಂದಿಷ್ಟು ಒಣ ಮಣ್ಣನ್ನೂ ಎಳೆದೆ. ಹಾಗೆ ಹಿಂದೆಂದೂ ಮಾಡಿರಲಿಲ್ಲ.

ನಾನು ತುದಿ ಮುಟ್ಟಿದಾಗ ಹತ್ತು ಗಂಟೆ. ಆಕೆ ಬಂದಾಗ ಹನ್ನೆರಡೂಕಾಲು. ಕಣಿವೆಯ ಗೇಟಿನ ತನಕ ಇಳಿದು, ಅಲ್ಲಿ ಯಾರನ್ನೋ ಕೇಳಿ, ಬಿಸಿಲಲ್ಲಿ ಮತ್ತೆ ಹತ್ತಿ ಬಂದಿದ್ದರು. ಸಾಕ್ಸಿನ ತುಂಬ ಮುಳ್ಳುಬೀಜ, ತುಟಿ ಒಣಗಿ ಬಿಳಿಚಿಕೊಂಡಿತ್ತು.

"ನೋಡಿದ್ರಾ, ನಾನು ಹೇಳಿರ್ಲಿಲ್ವಾ?" ಎಂದರು ಗಂಡ. ನೀರು ಕೊಟ್ಟದ್ದು ಆಮೇಲೆ.

"ಬಾಣ ಇರಲಿಲ್ರಿ," ಎಂದರು ಆಕೆ.

"ನಾನೇ ಬಿಟ್ಟಿದೀನಲ್ಲಮ್ಮ, ಇಷ್ಟುದ್ದ," ಎಂದು ಮುಂದಾಳು ಕೈ ಅಗಲಿಸಿದರು. ನನ್ನ ಕಡೆ ತಿರುಗಿ, "ನೀವು ಬರೋವಾಗ ಬಾಣ ಇತ್ತಾ?" ಎಂದು ಕೇಳಿದರು.

"ಇತ್ತು," ಎಂದೆ. ಅದು ನಿಜ.

"ಹಂಗಾದ್ರೆ ದನ ನೆಕ್ಕಿರಬೇಕು!" ಯಾರೋ ಅಂದರು.

"ದನಕ್ಕೂ ಗೊತ್ತಾಗಿದೆ, ಹಿಂದೆ ಇನ್ನೊಂದು ಬರ್ತಿದೆ, ಅದಕ್ಕೆ ದಾರಿ ಬೇಡ ಅಂತ," ಎಂದರು ಗಂಡ. ನಗು ಎಷ್ಟು ಜೋರಾಯಿತೆಂದರೆ ಪಕ್ಕದಲ್ಲಿ ಊಟಕ್ಕೆ ಕೂತಿದ್ದ ಬೇರೆಯವರು ತಿರುಗಿ ನೋಡಿದರು. ಆಕೆಯೂ ಸ್ವಲ್ಪ ನಕ್ಕರು. ಕೂರಲು ಜಾಗ ಹುಡುಕುತ್ತಿರುವಾಗ ಕೂಗು ಬಂತು, ಎಲ್ಲರೂ ಎದ್ದರು.

ಇಳಿಯುವಾಗ ಆಕೆ ಒಂದು ಕಡೆ ಬಗ್ಗಿ ಸಾಕ್ಸಿನ ಮುಳ್ಳು ಕೀಳುತ್ತಿದ್ದರು. ಬಿಟ್ಟು ಹೋದರೆ ಚೆನ್ನಾಗಿರುವುದಿಲ್ಲವೆಂದು ನಾನು ಪಕ್ಕದಲ್ಲಿ ನಿಂತೆ. ತಲೆ ಎತ್ತದೆ, ಮೆಲ್ಲಗೆ ಹೇಳಿದರು:

"ನಿಮ್ಮ ಬೂಟಿಗೆ ಹಿಟ್ಟು ಹತ್ತೈತಿ ನೋಡ್ರಿ. ಝಾಡಿಸ್ಕೋರಿ."

ನಾನು ಝಾಡಿಸಿಕೊಂಡೆ. ಆಕೆ ಅದನ್ನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಗಂಡನೇ ಮೊದಲು ನಗುತ್ತಿದ್ದರು. ಅದು ಆಕೆಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಬಾಣ ಅಳಿಸುವಾಗ ನಾನು ನೆಚ್ಚಿಕೊಂಡದ್ದು ಅದನ್ನೇ ಇರಬೇಕು.

ಆ ದೊಡ್ಡ ಬೆಟ್ಟವನ್ನು ಬೇಸಿಗೆಯಲ್ಲಿ ಹತ್ತಿದೆ. ಪರ್ಮಿಟ್ಟಿನಲ್ಲಿ ನನ್ನ ಹೆಸರು ಎಂಟನೆಯದು. ಗ್ರಾನೈಟ್ ಬಂಡೆಯ ಮೇಲೆ ಎಲ್ಲರ ಜೊತೆ ನಿಂತ ಫೋಟೋ ಇದೆ. ಆಕೆಯ ಗಂಡ ನನ್ನ ಪಕ್ಕದಲ್ಲಿದ್ದಾರೆ. ಅದರ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ನೆನಪಿನಲ್ಲಿ ಉಳಿದದ್ದು ಅದಕ್ಕಿಂತ ಮುಂಚಿನ, ಪರೀಕ್ಷೆಯ ಮರುವಾರದ ಶನಿವಾರ.

ಆ ದಿನ ಹೊಸ ಗುಡ್ಡಕ್ಕೆ ಹೋಗಿದ್ದೆವು. ಹೊರಡುವ ಮೊದಲು ಮುಂದಾಳು ಹಿಟ್ಟಿನ ಡಬ್ಬಿಯನ್ನು ಆಕೆಯ ಕೈಗಿಟ್ಟರು. "ಬಾಣ ಇಲ್ಲ ಅಂದ್ರಲ್ಲ, ಇವತ್ತು ನೀವೇ ಬಿಡಿ. ದಾರಿ ನಾನು ಹೇಳ್ತೀನಿ." ತಮಾಷೆಗೆ ಕೊಟ್ಟದ್ದು. ಡಬ್ಬಿ ಇದ್ದವರು ಮುಂದೆ ಹೋಗಬೇಕಲ್ಲ, ಆಕೆ ಮುಂದೆ ಹೋದರು. ಕೆಮ್ಮುತ್ತಲೇ, ನಿಲ್ಲದೆ ಹೋದರು. ನಾನು ಎಲ್ಲರಿಗಿಂತ ಹಿಂದೆ ಉಳಿದೆ.

ಮೂರು ಕವಲುಗಳಲ್ಲಿ ಬಾಣಗಳಿದ್ದವು. ಆಕೆಯ ಕೈಯ ಬಾಣ ಮುಂದಾಳಿನದರಂತೆ ಸೊಟ್ಟಗಿರಲಿಲ್ಲ. ಹೊಸಿಲಿಗೆ ಎಳೆದಂತೆ ನೇರವಾದ ಗೆರೆ, ತುದಿಗೆ ಸಮನಾದ ಎರಡು ರೆಕ್ಕೆ. ನಾಲ್ಕನೆಯ ಕವಲಿನಲ್ಲಿ ಬಾಣ ಪೊದೆಗಳ ನಡುವಿನ ಸಣ್ಣ ದಾರಿಯನ್ನು ತೋರುತ್ತಿತ್ತು. ಎದುರಿಗೆ ಅಗಲವಾದ ದಾರಿ ಇತ್ತು. ನಾನು ತುಂಬ ಹೊತ್ತು ಆ ಬಾಣವನ್ನು ನೋಡುತ್ತ ನಿಂತೆ. ಇದು ಉಳಿದವರು ದಾಟಿದ ಮೇಲೆ ನನಗೆಂದೇ ತಿರುಗಿಸಿ ಬಿಟ್ಟದ್ದು ಅನ್ನಿಸಿತು. ಆಕೆಯ ಜಾಗದಲ್ಲಿದ್ದರೆ ನಾನೇನು ಮಾಡುತ್ತಿದ್ದೆನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅಗಲವಾದ ದಾರಿಯಲ್ಲಿ ನಡೆದೆ.

ಅದು ಮುಕ್ಕಾಲು ಗಂಟೆ ಇಳಿದು, ಬೀಗ ಹಾಕಿದ ನೀರಿನ ಟ್ಯಾಂಕಿನ ಬೇಲಿಯ ಮುಂದೆ ಮುಗಿಯಿತು. ಏರನ್ನು ಹತ್ತಿ ವಾಪಸು ಕವಲಿಗೆ ಬಂದಾಗ ಬಾಣ ಹಾಗೇ ಇತ್ತು. ಒಂದು ರೆಕ್ಕೆಯ ಮೇಲೆ ಇರುವೆ ಹತ್ತಿದ್ದವು. ಹಿಂದೆ ಯಾರೂ ಇರಲಿಲ್ಲ. ಅಳಿಸುವ ಸರದಿ ನಿಜವಾಗಿ ನನ್ನದೇ. ಅಳಿಸಿ, ಆ ಸಣ್ಣ ದಾರಿಯಲ್ಲಿ ಹತ್ತಿದೆ. ಇಪ್ಪತ್ತೇ ನಿಮಿಷದಲ್ಲಿ ತುದಿ.

ಎಲ್ಲರೂ ಒಂದು ದೊಡ್ಡ ಓಕ್ ಮರದ ಕೆಳಗೆ ಊಟ ಮುಗಿಸಿ ಕೂತಿದ್ದರು. "ಓಹೋ, ಇವತ್ತು ದನ ನಿಮ್ಮನ್ನ ಹಿಡೀತಾ?" ಎಂದರು ಆಕೆಯ ಗಂಡ. ನಗು ಎದ್ದಿತು. ಆಕೆ ನಗಲಿಲ್ಲ. ಡಬ್ಬಿಯ ಮುಚ್ಚಳವನ್ನು ನಿಧಾನವಾಗಿ ತಿರುಗಿಸಿ ಮುಚ್ಚಿದರು. ಆಮೇಲೆ ಎಲ್ಲರಿಗೂ ಕೇಳುವಂತೆ ಕೇಳಿದರು:

"ಬಾಣ ಇರಲಿಲ್ಲೇನ್ರಿ?"

ನಗು ನಿಂತು ಎಲ್ಲರೂ ನನ್ನನ್ನು ನೋಡಿದರು. ಆಕೆಯ ಕಣ್ಣು ನನ್ನ ಮುಖದ ಮೇಲಿರಲಿಲ್ಲ, ಬೂಟಿನ ಮೇಲಿತ್ತು.

"ಇತ್ತು," ಎಂದೆ.

"ಬಂದ್ರು," ಎಂದರು ಆಕೆ, ಗಂಡನ ಬೆಂಗಳೂರು ಧಾಟಿಯಲ್ಲಿ. "ಏಳ್ರಪ್ಪಾ." ಎಲ್ಲರಿಗಿಂತ ಮೊದಲು ತಾವೇ ಎದ್ದು ನಿಂತರು.