ಮಿನಾನೊ ಊರಿನ ದೋಣಿಗಾರನ ಹೆಂಡತಿ

ಒಸಾಕಾದ ತೆನ್ಮಾ ಕೇರಿಯಲ್ಲಿ, ಉಪ್ಪಿನಕಾಯಿ ಅಂಗಡಿಯೊಂದರ ಮೇಲಿನ ಮಾಳಿಗೆಯಲ್ಲಿ, ನಿಶಿವಾಕಿ ಎಂಬವರ ಕಾರ್ಯಾಗಾರವಿತ್ತು. ಟಿವಿಗೆ ಜೋಡಿಸಿ ಆಡುವ, ಆಡಿ ಮುಗಿಸಲು ತಿಂಗಳುಗಟ್ಟಲೆ ಹಿಡಿಯುವ ಕಥೆಯಾಟಗಳನ್ನು ಅಲ್ಲಿ ಕಟ್ಟುತ್ತಿದ್ದರು. ಉಮೆಗಾಕಿ ತಮಾಯೊ ಎಂಬ ಹೆಂಗಸು ಆ ಕಾರ್ಯಾಗಾರದಲ್ಲಿ ತಲೆ ನರೆಯುವ ತನಕ ಮಾಡಿದ ಕೆಲಸ ಒಂದೇ: ಊರವರ ಮಾತು ಬರೆಯುವುದು. ಖಡ್ಗ ಹಿಡಿದ ನಾಯಕನ ಮಾತನ್ನು ಬೇರೆಯವರು ಬರೆಯುತ್ತಿದ್ದರು. ನಾಯಕನು ಹಾದುಹೋಗುವ ಊರುಗಳಲ್ಲಿ ಬಾವಿಕಟ್ಟೆಯ ಮುದುಕಿ ಏನೆನ್ನುತ್ತಾಳೆ, ಛತ್ರದವನು ಏನು ಗೊಣಗುತ್ತಾನೆ, ಕೋಳಿ ಅಟ್ಟುವ ಹುಡುಗಿ ಏನು ಹಾಡುತ್ತಾಳೆ, ಅದೆಲ್ಲ ತಮಾಯೊಳ ಪಾಲು. ವೀರರನ್ನು ಲೋಕವೆಲ್ಲ ನೆನೆಯುತ್ತದೆ. ಬಾವಿಕಟ್ಟೆಯ ಮುದುಕಿಯನ್ನು ನೆನೆಯುವವನು ಭಗವಂತನೊಬ್ಬನೇ. ಆ ಕೆಲಸದಲ್ಲಿ ಆಕೆ ಅವನಿಗೆ ಸದ್ದಿಲ್ಲದೆ ಕೈಜೋಡಿಸಿದವಳು.

ಆಕೆಯ ಗಂಡ ಕೋಹೆಯ್, ರೈಲು ನಿಲ್ದಾಣದ ಬಳಿ ಬೀಗದ ಕೈ ಮಾಡಿಕೊಡುತ್ತ, ಬೂಟಿನ ಹಿಮ್ಮಡಿ ಬಡಿಯುತ್ತ ಬದುಕಿದವನು. ಹೆಂಡತಿ ಬರೆದ ಆಟ ಮಾರುಕಟ್ಟೆಗೆ ಬಂದ ದಿನವೇ ಕೊಂಡು ತರುತ್ತಿದ್ದ. ನಾಯಕನ ಯುದ್ಧದ ಗೋಜು ಅವನಿಗೆ ಬೇಡ. ಊರು ಸಿಕ್ಕ ಕೂಡಲೇ ಒಬ್ಬರನ್ನೂ ಬಿಡದೆ ಮಾತಾಡಿಸುವನು, ಅದೂ ಎರಡೆರಡು ಸಲ.

"ಮೊದಲನೇ ಸಲ ಯಾರಾದ್ರೂ ಲೋಕಾಭಿರಾಮ ಮಾತಾಡ್ತಾರೆ ಕಣೇ. ಎರಡನೇ ಸಲ ಕೇಳಿದ್ರೆ ತಾನೇ ಒಳಗಿರೋದು ಹೊರಗೆ ಬರೋದು?" ಎನ್ನುತ್ತಿದ್ದ.

ಆ ವರ್ಷದ ಚಳಿಗಾಲದಲ್ಲಿ ಒಂದು ಬೆಳಗ್ಗೆ ಊಟಕ್ಕೆ ಕೂತವನು, ಸಾರಿನ ಬಟ್ಟಲನ್ನು ಕೈಗೆತ್ತಿಕೊಂಡವನು, ಹಾಗೆಯೇ ಗೋಡೆಗೆ ಒರಗಿದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದುಹೋಗಿತ್ತು.

ತಮಾಯೊ ಅಳಲಿಲ್ಲ. ಅಳಬಾರದೆಂದಲ್ಲ, ಅಳು ಬರಲಿಲ್ಲ. ಮನೆಮಂದಿಯಷ್ಟೇ ಸೇರಿ ದಹನ ಮುಗಿಸಿದರು. ಕಾರ್ಯಾಗಾರಕ್ಕೆ ನೆಗಡಿ ಜ್ವರವೆಂದು ಹೇಳಿ ರಜೆ ಹಾಕಿದ್ದವಳು ಮರಳಿ ಬಂದು ತನ್ನ ಕುರ್ಚಿಯಲ್ಲಿ ಕುಳಿತಳು. ಯಾರಿಗೂ ಹೇಳಲಿಲ್ಲ. ಹೇಳಿದರೆ ಎಲ್ಲರೂ ಕೆಲಸ ಬಿಟ್ಟು ಕಪ್ಪು ಬಟ್ಟೆ ತೊಟ್ಟು ಬರಬೇಕು, ಸಂತಾಪದ ಹಣವಿಟ್ಟ ಲಕೋಟೆ ಕೊಡಬೇಕು. ಅದಕ್ಕೆ ಆಗ ಯಾರಿಗೂ ಬಿಡುವಿರಲಿಲ್ಲ. ತನ್ನಿಂದ ಇತರರಿಗೆ ತೊಂದರೆಯಾಗಬಾರದೆಂಬುದು ಆಕೆ ತಾಯಿಯ ಹಾಲಿನೊಡನೆ ಕುಡಿದ ಪಾಠ. ಅನ್ನಕ್ಕೆ ರುಚಿಯಿರಲಿಲ್ಲ, ಗಾಳಿಗೆ ಚಳಿಯಿರಲಿಲ್ಲ. ಮನೆಯಲ್ಲಿ ಬಿಳಿ ಬಟ್ಟೆ ಸುತ್ತಿದ ಅಸ್ಥಿಯ ಭರಣಿಯ ಮುಂದೆ ಪ್ರತಿ ಬೆಳಗ್ಗೆ, "ಹೋಗ್ಬರ್ತೀನಿ ರೀ" ಎನ್ನುವಳು. ಒಂದು ಕ್ಷಣ ತಡೆದು ಮತ್ತೊಮ್ಮೆ ಅನ್ನುವಳು. ಎರಡನೆಯ ಸಲವೂ ಅದೇ ಮೌನ.

ಕಾರ್ಯಾಗಾರಕ್ಕೆ ಬಿಡುವಿರದಿದ್ದ ಕಾರಣವೂ ದೊಡ್ಡದೇ. ಕಡಲಾಚೆಯ ಕಂಪನಿಯೊಂದು ಹೊಸ ಆಟದ ಯಂತ್ರವನ್ನು ಜಪಾನಿನಲ್ಲಿ ಮಾರಲು ತಂದಿತ್ತು. ಯಂತ್ರ ಚೆನ್ನಾಗಿಯೇ ಇತ್ತು. ಆದರೆ ಅಂಗಡಿಗಳಲ್ಲಿ ಧೂಳು ತಿನ್ನುತ್ತಿತ್ತು. ಈ ನಾಡಿನವರಿಗೆ ದೀರ್ಘ ಕಥೆಯಾಟವಿಲ್ಲದ ಯಂತ್ರವೆಂದರೆ ಮೂರ್ತಿಯಿಲ್ಲದ ಗುಡಿ. ಅದನ್ನು ತಡವಾಗಿ ಅರಿತ ಕಂಪನಿ, ಇಲ್ಲಿನ ಕಾರ್ಯಾಗಾರಗಳಿಗೆ ತಾನೇ ಹಣ ಹೂಡಿ, ತನ್ನ ಯಂತ್ರಕ್ಕೆಂದೇ ಕಥೆಗಳನ್ನು ಕಟ್ಟಿಸತೊಡಗಿತು. ನಿಶಿವಾಕಿಯವರಿಗೂ ಅರ್ಧ ಹಣ ಬಂದಿತ್ತು. ಉಳಿದರ್ಧ ಬರಬೇಕಾದರೆ ಕಂಪನಿಯ ಟೋಕಿಯೊ ಕಚೇರಿಯಿಂದ ಪರೀಕ್ಷಕರು ಬಂದು, ಕಟ್ಟಿದಷ್ಟನ್ನು ಆಡಿ ನೋಡಿ, ಒಪ್ಪಬೇಕು. ಒಪ್ಪಿದರೆ ಕಾರ್ಯಾಗಾರ ಉಳಿಯುತ್ತದೆ; ಒಪ್ಪದಿದ್ದರೆ ಬಾಗಿಲಿಗೆ ಬೀಗ. ತಮಾಯೊಳಿಗೆ ಆ ಕುರ್ಚಿಯನ್ನು ಬಿಟ್ಟರೆ ಹೋಗಲು ಉಳಿದಿದ್ದುದು ಆ ಭರಣಿಯಿರುವ ಕೋಣೆಯೊಂದೇ.

ಪರೀಕ್ಷೆಯ ಹಿಂದಿನ ದಿನ ಎಲ್ಲರೂ ಕೂಡಿ ಕೇರಿಯ ದೇವಾಲಯಕ್ಕೆ ಹೋಗಿ, ಆಟ ಗೆಲ್ಲಲೆಂದು ಹರಸಿಕೊಂಡು ಬರುವುದು ಈ ಕಸುಬಿನವರ ವಾಡಿಕೆ. ದಾರಿಯುದ್ದಕ್ಕೂ ನಿಶಿವಾಕಿಯವರೂ, ಯಂತ್ರಕ್ಕೆ ಆಜ್ಞೆ ಬರೆಯುವ ಹಿರಿಯ ಬನ್ನೋ ಅವರೂ ಎಂದಿನಂತೆ ಕಾಲೆಳೆದಾಡುತ್ತಿದ್ದರು.

"ಏನ್ ಬನ್ನೋ, ಕಾಣಿಕೆ ಡಬ್ಬಿಗೆ ಎಷ್ಟು ಹಾಕ್ತೀಯ?"

"ಐದು ಯೆನ್."

"ಅಷ್ಟು ದೊಡ್ಡ ಕಂಪನಿ ದುಡ್ಡು ಬೇಡ್ಕೊಳ್ಳೋಕೆ ಐದು ಯೆನ್ನಾ? ದೇವರು ಬಿದ್ದು ಬಿದ್ದು ನಗ್ತಾನೆ."

"ನಗ್ಲಿ ಬಿಡಿ ಯಜಮಾನರೇ. ನೀವು ಕೊಡೋ ಸಂಬಳ ನೋಡಿದ್ರೆ ಅಳ್ತಾನೆ."

ನಗುತ್ತ ಎಲ್ಲರೂ ದೇವಾಲಯದ ಮುಂದಿನ ಕಲ್ಲಿನ ಕಮಾನಿನಡಿ ತಲೆಬಾಗಿ ಒಳಗೆ ಹೋದರು. ತಮಾಯೊಳ ಕಾಲು ಕಮಾನಿನ ಈಚೆಗೇ ನಿಂತುಬಿಟ್ಟಿತು. ನಿಲ್ಲಬೇಕೆಂದು ಆಕೆ ಯೋಚಿಸಿರಲಿಲ್ಲ. ಸೂತಕದವರು ಆ ಕಮಾನನ್ನು ಹಾಯುವಂತಿಲ್ಲ. ಮನಸ್ಸು ಒಪ್ಪದಿದ್ದುದನ್ನು ಕಾಲು ಒಪ್ಪಿಕೊಂಡಿತ್ತು.

"ಬನ್ರೀ ತಮಾಯೊ ಸಾನ್, ಗಂಟೆ ಹೊಡೀತಾರೆ!" ಎಂದು ಒಳಗಿನಿಂದ ಯಾರೋ ಕೂಗಿದರು.

"ಚಪ್ಪಲಿ ಕಚ್ತಾ ಇದೆ. ನೀವು ಮುಗಿಸ್ಕೊಂಡು ಬನ್ನಿ."

ಬನ್ನೋ ಅವರು ತಿರುಗಿ ನೋಡಿದರು. ಆಕೆಯ ಕಾಲನ್ನು ನೋಡಿದರು, ಕಮಾನನ್ನು ನೋಡಿದರು. ಆಮೇಲೆ ಕುಂಟುತ್ತ ಹೊರಗೆ ಬಂದು ಆಕೆಯ ಪಕ್ಕದಲ್ಲಿ ನಿಂತರು.

"ನನ್ನ ಮಂಡಿಗೂ ಆ ಮೆಟ್ಟಿಲು ಆಗಿಬರಲ್ಲ," ಎಂದಷ್ಟೇ ಹೇಳಿ, ಜೇಬಿನಿಂದ ಕಿತ್ತಳೆ ಹಣ್ಣೊಂದನ್ನು ತೆಗೆದು ಸುಲಿದು ಅರ್ಧ ಕೊಟ್ಟರು. ಆ ದೇವಾಲಯಕ್ಕೆ ಇದ್ದುದು ಮೂರೇ ಮೆಟ್ಟಿಲು. ತಮಾಯೊ ಹಣ್ಣನ್ನು ತಿಂದಳು. ಅದು ಹುಳಿಯೋ ಸಿಹಿಯೋ ತಿಳಿಯಲಿಲ್ಲ. ಒಳಗೆ ಎಲ್ಲರೂ ಚಪ್ಪಾಳೆ ತಟ್ಟಿ ಕೈಮುಗಿಯುವ ಸದ್ದು ಕೇಳಿಸಿತು. ಕಮಾನಿನ ಹೊರಗೆ ನಿಂತವರ ಪ್ರಾರ್ಥನೆಯನ್ನೂ, ಪ್ರಾರ್ಥಿಸಲು ಬಾಯಿಯೇ ಬಾರದವರ ಪ್ರಾರ್ಥನೆಯನ್ನೂ ಕೇಳುವವನು ಒಬ್ಬನಿದ್ದಾನೆ. ಆ ಹೊತ್ತಿಗೆ ಅದು ಆಕೆಗೆ ಗೊತ್ತಾಗದಿದ್ದರೆ ಅವನೇನೂ ಮುನಿಯುವವನಲ್ಲ.

ಮರುದಿನ ಕುಸುನೋಕಿ ಎಂಬ ನಡುವಯಸ್ಸಿನ ಹೆಂಗಸು ಪರೀಕ್ಷಕರಾಗಿ ಬಂದರು. ಚಹಾ ಕುಡಿದರು, ಕನ್ನಡಕ ಒರೆಸಿಕೊಂಡರು, ಆಡಲು ಕುಳಿತರು. ಎಲ್ಲರೂ ಹಿಂದೆ ಸಾಲಾಗಿ ನಿಂತರು. ಬೆಟ್ಟಗಳು ಚೆಂದ, ಯುದ್ಧಗಳು ಚೆಂದ. ಕುಸುನೋಕಿಯವರ ಮುಖ ಮಾತ್ರ ಮುಚ್ಚಿದ ಬಾಗಿಲು. ಕಥೆಯಲ್ಲಿ ಮಿನಾನೊ ಎಂಬ ನದೀತೀರದ ಊರಿಗೆ ಮಹಾಪ್ರವಾಹ ಬಂದಿತು. ಜನರನ್ನು ದಾಟಿಸಲು ಹೋದ ಆ ಊರಿನ ದೋಣಿಗಾರ ನಾಯಕನ ಕಣ್ಣೆದುರಿಗೇ ಮುಳುಗಿಹೋದ. ನೀರು ಇಳಿದ ಮೇಲೆ ನಾಯಕನು ಊರಿಗೆ ಮರಳಿದ. ಕುಸುನೋಕಿಯವರು ಅವನನ್ನು ಛತ್ರದ ಮುಂದೆ ನಿಲ್ಲಿಸಿದರು.

ಛತ್ರದವನು ಹೇಳಿದ: "ಇವತ್ತು ಒಳ್ಳೇ ಮೀನು ಬಂದಿದೆ. ಉಂಡ್ಕೊಂಡೇ ಹೋಗಿ."

ಬನ್ನೋ ಅವರು ಪರದೆಯತ್ತ ಬಗ್ಗಿದರು. ಅದು ಪ್ರವಾಹಕ್ಕೆ ಮುಂಚಿನ ಮಾತು. ಈ ಕಸುಬಿನ ಕ್ರಮ ಹೀಗೆ: ಕಥೆಯಲ್ಲಿ ದೊಡ್ಡದೇನಾದರೂ ನಡೆದಾಗಲೆಲ್ಲ ಊರವರಿಗೆ ಹೊಸ ಮಾತು ಬರೆಯಬೇಕು, ಬರೆಯದಿದ್ದರೆ ಯಂತ್ರವು ಹಳೆಯ ಮಾತನ್ನೇ ಎತ್ತಿ ಆಡಿಸುತ್ತದೆ. ದಹನ ಮುಗಿಸಿ ಬಂದ ದಿನ ತಮಾಯೊ ಮಿನಾನೊ ಊರಿನ ಹಾಳೆಯನ್ನು ತೆರೆದು ಸಂಜೆಯವರೆಗೆ ನೋಡುತ್ತ ಕುಳಿತಿದ್ದಳು. ಆಮೇಲೆ ಮುಗಿಯಿತೆಂದು ಗುರುತು ಹಾಕಿ ಕಳುಹಿಸಿದ್ದಳು. ಹಾಳೆ ಖಾಲಿಯಾಗಿತ್ತು. ಇಷ್ಟು ವರ್ಷಗಳಲ್ಲಿ ತಮಾಯೊಳ ಹಾಳೆಯನ್ನು ಮತ್ತೆ ತೆರೆದು ನೋಡುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ.

ಕುಸುನೋಕಿಯವರು ನಾಯಕನನ್ನು ಮನೆಯಿಂದ ಮನೆಗೆ ನಡೆಸಿದರು. ಮುದುಕಿ ಹವಾಮಾನದ ಮಾತಾಡಿದಳು. ಪೂಜಾರಿ ಹಬ್ಬದ ಮಾತಾಡಿದ. ಕೊನೆಗೆ ದೋಣಿಗಾರನ ಮನೆ. ಒಲೆಯ ಮೇಲಿನ ಪಾತ್ರೆಯಿಂದ ಹಬೆ ಏಳುತ್ತಿತ್ತು. ಅವನ ಹೆಂಡತಿ ಹೇಳಿದಳು: "ನಮ್ಮನೆಯವರು ನದಿ ಹತ್ರ ಸಿಕ್ಕಿದ್ರೆ, ಸಾರು ಆರಿಹೋಗ್ತಿದೆ ಅಂತ ಹೇಳ್ತೀರಾ?"

ಕುಸುನೋಕಿಯವರು ಆಕೆಯನ್ನು ಇನ್ನೊಮ್ಮೆ ಮಾತಾಡಿಸಿದರು. ಎರಡನೆಯ ಸಲವೂ ಆಕೆ ಅದನ್ನೇ ಹೇಳಿದಳು.

"ಇದು ಬೇಕಂತಲೇ ಮಾಡಿದ್ದಾ?" ಕುಸುನೋಕಿಯವರು ತಿರುಗದೆಯೇ ಕೇಳಿದರು.

"ಹೌದು, ಹೌದು! ಬೇಕಂತಲೇ," ಎಂದರು ನಿಶಿವಾಕಿಯವರು, ಹಣೆಯ ಬೆವರೊರೆಸುತ್ತ. "ದುಃಖವನ್ನ ಹೇಳದೇನೇ ಹೇಳೋದು ಅಂತ… ನಮ್ಮ ತಮಾಯೊ ಸಾನ್ ಅವರ ಶೈಲಿ."

ತಮಾಯೊ ಹೌದೆಂದು ತಲೆಯಾಡಿಸಿದ್ದರೆ ಸಾಕಿತ್ತು. ಹಣ, ಕಾರ್ಯಾಗಾರ, ಜೊತೆಯವರೆಲ್ಲರ ಅನ್ನ, ಎಲ್ಲವೂ ಆ ತಲೆಯಾಡಿಸುವಿಕೆಯ ಮೇಲೆ ನಿಂತಿತ್ತು. ಯಜಮಾನನ ಮಾತನ್ನು ಹೊರಗಿನವರೆದುರು ಅಲ್ಲಗಳೆಯುವುದು ಆ ನಾಡಿನಲ್ಲಿ ಕೇಳಿಲ್ಲದ ಸಂಗತಿ. ತಮಾಯೊ ಪರದೆಯ ಮೇಲಿನ ಆ ಹೆಂಗಸನ್ನೇ ನೋಡುತ್ತಿದ್ದಳು. ಗಂಡ ಬರುವನೆಂದು ಒಲೆ ಆರಿಸದೆ ಕಾಯುತ್ತಿರುವವಳ ಹೆಸರಿನಲ್ಲಿ ಸುಳ್ಳು ಹೇಳಲು ಆಕೆಗೆ ಬಾಯಿ ಬರಲಿಲ್ಲ.

"ಅಲ್ಲ," ಎಂದಳು. "ನಾನು ಬರೆದೇ ಇಲ್ಲ. ತಪ್ಪಾಗಿದೆ."

"ಯಾಕೆ ಬರೀಲಿಲ್ಲ?"

"ನಮ್ಮನೆಯವರು ಹೋಗ್ಬಿಟ್ರು. ಹೋದ ತಿಂಗಳು."

ಆಕೆಯ ದನಿ, ನಾಳೆ ಮಳೆ ಬರಬಹುದು ಎನ್ನುವವರ ದನಿಯಂತಿತ್ತು. ಕುಸುನೋಕಿಯವರು ಎದ್ದು, ಕನ್ನಡಕ ತೆಗೆದು, ಸೊಂಟ ಬಾಗಿಸಿ ನಮಸ್ಕರಿಸಿದರು. ಮತ್ತೆ ಕುಳಿತು ಕನ್ನಡಕ ಹಾಕಿಕೊಂಡರು.

"ಬೇಕಂತಲೇ ಅಂದಿದ್ರೆ ನಾನು ಒಪ್ತಿರಲಿಲ್ಲ," ಎಂದರು. "ಇವಳೊಬ್ಬಳು ಹಾಗೇ ಇರಬಹುದು. ಆದ್ರೆ ಅಕ್ಕಪಕ್ಕದವರಿಗೂ ಗೊತ್ತಿಲ್ಲದಿದ್ರೆ ಅದು ಊರಲ್ಲ, ಬರೀ ಗೊಂಬೆಗಳು. ಪೂಜಾರಿಗೆ ಗೊತ್ತಿರಬೇಕು, ಛತ್ರದವನಿಗೆ ಗೊತ್ತಿರಬೇಕು. ಇವಳ ಹತ್ರ ಅವರು ಹೇಗೆ ಮಾತಾಡ್ತಾರೆ ಅನ್ನೋದನ್ನ ಬರೀರಿ. ಬರೆದು ಕಳಿಸಿ, ಆಮೇಲೆ ಹೇಳ್ತೀನಿ."

ಅವರು ಹೊರಟುಹೋದ ಮೇಲೆ ನಿಶಿವಾಕಿಯವರು ಆಕೆಯ ಕುರ್ಚಿಯ ಬಳಿ ಬಂದು ನಿಂತರು.

"ಹೇಳಬಾರದಿತ್ತೇನ್ರೀ ನಮಗೆ? ನಾವೇನು ಪರರಾ?" ಎಂದು ಗದರಿದರು. ಗದರಿದವರ ಕಣ್ಣಲ್ಲೇ ನೀರಿತ್ತು. ಗದರಿಸಿಕೊಂಡವಳ ಕಣ್ಣು ಒಣಗಿತ್ತು.

ಅಂದಿನಿಂದ ಜನ ಬದಲಾದರು. ಕೆಳಗಿನ ಉಪ್ಪಿನಕಾಯಿ ಅಂಗಡಿಯಾಕೆ, "ತೂಕ ಹೆಚ್ಚಾಗಿ ಉಳಿದುಹೋಗಿದೆ, ತಗೊಂಡ್ ಹೋಗಿ ಅಕ್ಕಾ," ಎಂದು ದಿನವೂ ಮೂಲಂಗಿಯ ಪೊಟ್ಟಣ ಕೊಟ್ಟಳು. ನಿಶಿವಾಕಿಯವರು ತಮ್ಮ ಕೆಟ್ಟ ಹಾಸ್ಯಗಳನ್ನು ಆಕೆಯ ಎದುರು ಅರ್ಧಕ್ಕೇ ನುಂಗಿದರು. ಬನ್ನೋ ಅವರು ದಿನಕ್ಕೊಂದು ಕಿತ್ತಳೆ ಸುಲಿದರು. ಸತ್ತವನ ಹೆಸರನ್ನು ಯಾರೂ ಎತ್ತಲಿಲ್ಲ. ಪರಮಾತ್ಮನು ಸಂತೈಸಲು ಬರುವಾಗ ಯಾವಾಗಲೂ ಬೆಳಕಾಗಿ ಬರುವುದಿಲ್ಲ. ಮೂಲಂಗಿಯ ಪೊಟ್ಟಣವಾಗಿಯೂ ಬರುತ್ತಾನೆ. ತಮಾಯೊ ಅದನ್ನೆಲ್ಲ ಮರದ ಕೈಯಿಂದ ತೆಗೆದುಕೊಂಡಂತೆ ತೆಗೆದುಕೊಂಡಳು, ತೆಗೆದುಕೊಂಡುದನ್ನು ಹಾಗೆಯೇ ಬರೆದಳು. ಛತ್ರದವನು ಮೀನಿನ ದೊಡ್ಡ ತುಂಡನ್ನು ದೋಣಿಗಾರನ ಮನೆಗೆಂದು ಎತ್ತಿಟ್ಟ. ಪೂಜಾರಿ ಆ ಬೀದಿಯಲ್ಲಿ ಗಂಟೆಯನ್ನು ಮೆಲ್ಲಗೆ ಆಡಿಸಿದ. ದೋಣಿಗಾರನ ಹೆಂಡತಿಯ ಮಾತು ಮಾತ್ರ ಹಾಗೆಯೇ ಉಳಿಯಿತು.

ಹಾಳೆಗಳು ಟೋಕಿಯೊಗೆ ಹೋದವು. ಕೆಲವು ವಾರಗಳ ಮೇಲೆ ಕಂಪನಿ ಒಪ್ಪಿತು. ಮಾಳಿಗೆಯಲ್ಲಿ ಕೇಕೆ ಎದ್ದಿತು. ತಮಾಯೊಳಿಗೂ ಒಂದು ಲೋಟ ಬಿಯರ್ ಕೊಟ್ಟರು. ಅದರ ನೊರೆ ಇಳಿಯುವುದನ್ನು ಆಕೆ ನೋಡುತ್ತ ಕುಳಿತಳು. ಅಷ್ಟರಲ್ಲಿ ಸೂತಕ ಕಳೆದಿತ್ತು, ಅಸ್ಥಿ ಮಣ್ಣು ಸೇರಿತ್ತು. ಹರಕೆ ಫಲಿಸಿದ್ದಕ್ಕೆ ಕೃತಜ್ಞತೆ ಹೇಳಲು ಎಲ್ಲರೂ ಮತ್ತೆ ದೇವಾಲಯಕ್ಕೆ ಹೋದರು. ಬನ್ನೋ ಅವರು ಕಮಾನಿನ ಬಳಿ ನಿಂತು ಆಕೆಗಾಗಿ ಕಾದರು.

"ಮಂಡಿ ಹೇಗಿದೆ?" ಎಂದಳು ತಮಾಯೊ.

"ಚಪ್ಪಲಿ ಹೇಗಿದೆ?" ಎಂದರು ಅವರು.

ಇಬ್ಬರೂ ತಲೆಬಾಗಿ ಕಮಾನನ್ನು ಹಾಯ್ದರು. ತಮಾಯೊ ಎರಡು ಸಲ ಚಪ್ಪಾಳೆ ತಟ್ಟಿ ಕಣ್ಣು ಮುಚ್ಚಿದಳು. ಬೇಡಲು ಏನೂ ತೋಚಲಿಲ್ಲ. ಕಣ್ಣು ತೆರೆದು, ಪಕ್ಕದಲ್ಲಿದ್ದ ಬನ್ನೋ ಅವರಿಗೆ ಹೇಳಿದಳು:

"ಬನ್ನೋ ಸಾನ್, ದೋಣಿಗಾರನ ಮನೇಲಿ ಒಂದು ಬದಲಾವಣೆ ಮಾಡ್ಬೇಕು."

"ಆಕೆ ಮಾತಾ?"

"ಮಾತು ಹಾಗೇ ಇರ್ಲಿ. ಪ್ರವಾಹ ಆದ್ಮೇಲೆ ಪಾತ್ರೆ ಮೇಲಿನ ಹಬೆ ತೆಗೆದುಬಿಡಿ. ಸಾರು ಆಗಲೇ ಆರಿದೆ."

"ಸಣ್ಣ ಕೆಲಸ," ಎಂದರು ಬನ್ನೋ ಅವರು. "ಸಂಜೆಯೊಳಗೆ ಮಾಡ್ತೀನಿ."

ತಮಾಯೊ ಐದು ಯೆನ್ನಿನ ನಾಣ್ಯವನ್ನು ಡಬ್ಬಿಗೆ ಹಾಕಿದಳು. ಅದು ತಳ ಮುಟ್ಟುವ ಸದ್ದು ಕೇಳುವವರೆಗೆ ನಿಂತಿದ್ದು, ಮೆಟ್ಟಿಲಿಳಿದು ಕೆಲಸಕ್ಕೆ ಹೊರಟಳು.