ಗೋಡೆಯ ಮೇಲೆ ಕೂರಬೇಕಾದ ಡಬ್ಬಿಗಳು

ಸೋಮವಾರ ಬಳ್ಳಾರಿಯಲ್ಲಿ ಅಕ್ಕನ ಗಂಟಲಿನ ಆಪರೇಷನ್ ಇತ್ತು. ಆಮೇಲೆ ದನಿ ಉಳಿಯುವ ಭರವಸೆ ಕೊಡಲಾರೆ ಎಂದು ಡಾಕ್ಟರು ಮೊದಲೇ ಹೇಳಿಬಿಟ್ಟಿದ್ದರು. ಕಂಪ್ಲಿಯ ಮಠದಲ್ಲಿ ಅಮಾವಾಸ್ಯೆಯ ದಿನ ಅವಳ ತತ್ವಪದ ಮುಗಿಯದೆ ಮಂಗಳಾರತಿ ಆಗುತ್ತಿರಲಿಲ್ಲ. ಭಾನುವಾರದೊಳಗೆ ಅವಳ ಹಾಡುಗಳನ್ನು ರೆಕಾರ್ಡ್ ಮಾಡಲೇಬೇಕೆಂದು ನಾನು ಹಟ ಹಿಡಿದೆ.

ಆಗ ಹೊಸಪೇಟೆಯ ನಮ್ಮ ಮನೆಯಲ್ಲಿ ರೆಕಾರ್ಡಿಂಗ್ ಕೋಣೆಯೊಂದು ತಯಾರಾಗುತ್ತಿತ್ತು. ಆಟೋದಲ್ಲಿ ಕೂಗಿಸುವ ಸೀರೆ ಅಂಗಡಿ ಜಾಹೀರಾತುಗಳೇ ನನ್ನ ಕಸುಬು. ಮನೆ ಮುಂದೆ ಸಂಡೂರು ರಸ್ತೆ, ಅದರ ತುಂಬ ಅದಿರಿನ ಲಾರಿ. ಅದಕ್ಕೆ ಗೋಡೆಯ ಒಳಗೆ ಇನ್ನೊಂದು ಹಲಗೆಯ ಗೋಡೆ ಕಟ್ಟಿಸಿ ನಡುವೆ ಹತ್ತಿ ತುಂಬಿಸಿದ್ದೆ. ಅಂಥ ಗೋಡೆಯನ್ನು ಸ್ವಿಚ್ಚಿಗಾಗಿ ಕೊರೆದರೆ ಸದ್ದಿಗೆ ನಾವೇ ಬಾಗಿಲು ತೆರೆದಂತೆ. ಆದ್ದರಿಂದ ಸ್ವಿಚ್ಚಿನ ಡಬ್ಬಿಗಳು ಗೋಡೆಯ ಮೇಲೆಯೇ ಕೂರಬೇಕಿತ್ತು.

ಕರೆಂಟಿಗೆ ಎರಡು, ಮೈಕಿಗೆ ಒಂದು. ಕರೆಂಟ್ ಸಾಮಾನಿನ ಅಂಗಡಿಯಲ್ಲಿ ಮೂರನ್ನು ಆರಿಸಲು ಅರ್ಧ ದಿನ ಹಿಡಿಯಿತು. ತಗಡಿನವು ಬಡಿದರೆ ಮೊಳಗುತ್ತಿದ್ದವು, ಪ್ಲಾಸ್ಟಿಕ್ಕಿನವು ಗಡಗಡ ಅಲುಗುತ್ತಿದ್ದವು.

"ಬಡದು ಬಡದು ನೋಡಾಕ ಇವೇನು ಕಲ್ಲಂಗಡಿ ಏನ್ರಿ?" ಎಂದ ಅಂಗಡಿಯವನು. ಕೊನೆಗೆ ದಪ್ಪ ಕಟ್ಟಿಗೆಯವು ಸಿಕ್ಕವು. ಬಡಿದರೂ ಬಾಯಿ ಬಿಡಲಿಲ್ಲ.

ನಮ್ಮ ವೈರಿಂಗ್ ಮೇಸ್ತ್ರಿಗೆ ಅವು ಸೇರಲಿಲ್ಲ. "ಡಬ್ಬಿ ಹೊರಗ ಕಾಣಾಕ ಇದೇನು ಪಂಪ್‌ಸೆಟ್ಟಿನ ಮನಿ ಏನ್ರಿ?" ಎಂದ. ಗಣಿ ದುಡ್ಡಿನ ಆ ದಿನಗಳಲ್ಲಿ ಊರಿಗೆ ಊರೇ ತಂತಿಗಳನ್ನು ಗೋಡೆಯೊಳಗೆ ಹೂತಿತ್ತು. ಹೊರಗೆ ಕಂಡರೆ ಬಡತನ ಕಂಡಂತೆ. ನಾನು ಎರಡು ಸಲ ಬಿಡಿಸಿ ಹೇಳಿದೆ. ಅವನು ಎರಡು ಸಲವೂ ಹೂಂ ಎಂದು ತಲೆಯಾಡಿಸಿದ.

ಶನಿವಾರ ಅಕ್ಕನನ್ನು ಕರೆತರಲು ಕಂಪ್ಲಿಗೆ ಹೋದೆ. ಬರುವಷ್ಟರಲ್ಲಿ ಮೇಸ್ತ್ರಿ ಮೂರು ಚೌಕ ಕೊರೆದು, ತಗಡಿನ ಡಬ್ಬಿ ಒಳಗಿಳಿಸಿ, ಅಂಚು ಒರೆಸಿ ಕೈಕಟ್ಟಿ ನಿಂತಿದ್ದ. ನನ್ನ ಕಟ್ಟಿಗೆಯ ಡಬ್ಬಿಯೊಂದರಲ್ಲಿ ಅವನ ಎಲೆ ಅಡಿಕೆ ಇತ್ತು.

"ಈಗ ನೋಡ್ರಿ, ಬಂಗ್ಲೆ ಆದಂಗ ಆತು. ನಿಮ್ಮ ಮರ್ಯಾದಿ ನನಗ ಮುಖ್ಯ."

ಮೂರೂ ಚೌಕಗಳಿಂದ ಲಾರಿಗಳು ಗೇರು ಬದಲಿಸುವುದು ಸ್ಪಷ್ಟವಾಗಿ ಕೇಳುತ್ತಿತ್ತು.

ಭಾನುವಾರ ಬೆಳಗ್ಗೆಯಿಂದ ನಾನೂ ಮೇಸ್ತ್ರಿಯೂ ತಗಡಿನವನ್ನು ಕಿತ್ತು, ಕಂಡಿಗಳಿಗೆ ಹಲಗೆ ಬಡಿದು, ಮೇಣ ಮೆತ್ತಿ, ಕಟ್ಟಿಗೆಯ ಡಬ್ಬಿಗಳನ್ನು ಮೇಲೆ ಕೂರಿಸಿದೆವು. ಸದ್ದು ನುಸುಳುತ್ತದೆಯೇ ಎಂದು ತಿಳಿಯಲು ರೆಕಾರ್ಡಿಂಗ್ ಮೆಷಿನ್ ಚಾಲೂ ಮಾಡುವುದು, ಕೇಳುವುದು, ಬೈಯುವುದು, ಮತ್ತೆ ಮೆತ್ತುವುದು. ಅಕ್ಕ ಚಾಪೆಯ ಮೇಲೆ ಕೂತು ನೋಡುತ್ತಿದ್ದಳು. ಮಧ್ಯಾಹ್ನ ಇಳಿದ ಮೇಲೆ ಕೋಣೆ ಮೌನವಾಯಿತು. ಅವಳು ಐದು ಪದ ಹಾಡಿದಳು. ಒಂದರಲ್ಲೂ ಲಾರಿ ಇಲ್ಲ. ಮಠದಲ್ಲಿ ಈಗಲೂ ಅವನ್ನೇ ಹಾಕುತ್ತಾರೆ.

ದನಿ ತಿರುಗಿ ಬರಲಿಲ್ಲ.

ನಾನು ಆ ಪದಗಳನ್ನು ಹೆಚ್ಚು ಕೇಳುವುದಿಲ್ಲ. ಮೆಷಿನ್ನಿನಲ್ಲಿ ಅಳಿಸದೆ ಉಳಿದ ಪರೀಕ್ಷೆಯ ತುಣುಕೊಂದಿದೆ. ಮೊದಲು ಲಾರಿ, ಆಮೇಲೆ ನನ್ನ ಕೂಗಾಟ, ಮೇಸ್ತ್ರಿಯ "ತಪ್ಪಾತು ಬಿಡ್ರಿ". ಅದರ ಮೇಲೆ ಅಕ್ಕನ ದನಿ:

"ಲೇ, ಸಾಕು ಮಾಡೋ. ಅಂವಾನೂ ಉಂಡಿಲ್ಲ, ನೀನೂ ಉಂಡಿಲ್ಲ. ಕೈ ತೊಳ್ಕೊಂಡು ಬರ್ರಿ ಇಬ್ರೂ."

ಈಗ ಅವಳು ನನ್ನನ್ನು ಬೈಯಬೇಕೆಂದರೆ ಮೊದಲು ಚಪ್ಪಾಳೆ ತಟ್ಟಿ ಕರೆಯಬೇಕು. ನಾನು ತಿರುಗಿ ನೋಡುವಷ್ಟರಲ್ಲಿ ಅವಳ ಸಿಟ್ಟು ಇಳಿದಿರುತ್ತದೆ.