ಮಂಜೂರಾಗದ ಅನುದಾನಕ್ಕೆ ಅಭಿನಂದನೆ

ಅಮ್ಮ ಬೆಳ್ತಂಗಡಿಯಿಂದ ಫೋನ್ ಮಾಡಿದಾಗ ನಾನು ಮೂಡುಬಿದಿರೆಯ ಬಸ್ ನಿಲ್ದಾಣದಲ್ಲಿ ನಿಂತಿದ್ದೆ.

“ನೀನು ಸರಿ ಇದ್ದೀಯಲ್ವಾ?” ಎಂದಳು.

“ಇದ್ದೇನೆ. ಎಂತ ಆಯ್ತು?”

“ಸಿದ್ಧಕಟ್ಟೆ ಪೇಟೆಯಲ್ಲಿ ನಿನ್ನ ಫೋಟೋ ಹಾಕಿದ್ದಾರಂತೆ. ಇಷ್ಟು ದೊಡ್ಡದು. ಚಿಕ್ಕಮ್ಮ ಬಸ್ಸಿಂದ ನೋಡಿದ್ದು. ಬರೆದದ್ದು ಓದುವಷ್ಟರಲ್ಲಿ ಬಸ್ ಹೊರಟಿತಂತೆ. ಅವಳು ಅಳ್ತಾ ಫೋನ್ ಮಾಡಿದ್ಳು ಮಾರಾಯ್ತಿ!”

ನಮ್ಮ ಕಡೆ ಪೇಟೆಯ ಫ್ಲೆಕ್ಸಿನಲ್ಲಿ ಒಬ್ಬರ ಮುಖ ಕಾಣಬೇಕಾದರೆ ಅವರು ಪುಢಾರಿಯಾಗಿರಬೇಕು, ಬಹುಮಾನ ಗೆದ್ದಿರಬೇಕು, ಇಲ್ಲವೇ ತೀರಿಕೊಂಡಿರಬೇಕು. ನನ್ನನ್ನು ಚೆನ್ನಾಗಿ ಬಲ್ಲ ಚಿಕ್ಕಮ್ಮನಿಗೆ ಮೊದಲ ಎರಡು ಹೊಳೆದೇ ಇರಲಿಲ್ಲ.

ನಾನು ಹೊರಟಿದ್ದದ್ದೂ ಸಿದ್ಧಕಟ್ಟೆಗೇ. ಒಂದು ವಿಶ್ವವಿದ್ಯಾಲಯದಲ್ಲಿ ನನಗೆ ಕೆಲಸ. ಸುತ್ತಲಿನ ಊರುಗಳ ಸಣ್ಣ ಸಂಘಗಳಿಗೆ ಅದು ಪ್ರತಿವರ್ಷ ಅನುದಾನ ಕೊಡುತ್ತದೆ. ಅರ್ಜಿ ಹಾಕಿದ ಸಂಘಗಳನ್ನು ನೋಡಿಬಂದು ವರದಿ ಬರೆಯುವವಳು ನಾನು. ನಿಯಮ ಸರಳ: ಭೇಟಿಗೆ ಹೋದವರು ಏನನ್ನೂ ಸ್ವೀಕರಿಸಬಾರದು, ಯಾವ ಭರವಸೆಯನ್ನೂ ಕೊಡಬಾರದು. ಎರಡೂ ನನ್ನ ಸ್ವಭಾವಕ್ಕೆ ಒಗ್ಗುವಂಥವು. ನಾನು ನೀರಿನ ಬಾಟಲಿಯನ್ನೂ ಮನೆಯಿಂದಲೇ ಒಯ್ಯುತ್ತೇನೆ.

ಸಿದ್ಧಕಟ್ಟೆಯ ಬಸ್ ನಿಲ್ದಾಣದ ಎದುರು ಇಳಿದಾಗ ಫ್ಲೆಕ್ಸಿನಿಂದ ನಾನೇ ನನ್ನನ್ನು ನೋಡಿ ನಗುತ್ತಿದ್ದೆ. ಸೋದರ ಮಾವನ ಮಗಳ ಮದುವೆಯಲ್ಲಿ ಮಲ್ಲಿಗೆ ಮುಡಿದು ತೆಗೆಸಿಕೊಂಡ ಫೋಟೋ ಅದು. ವಾಟ್ಸ್‌ಆ್ಯಪ್‌ನಲ್ಲಿ ಬೆರಳುಗುರಿನಷ್ಟು ಇದ್ದದ್ದನ್ನು ಎಳೆದು ಬಾಗಿಲಿನಷ್ಟು ಮಾಡಿದ್ದರು. ಕೆನ್ನೆ ಮಸುಕಾಗಿತ್ತು. ಕೆಳಗೆ ಕೆಂಪು ಅಕ್ಷರ: ‘ನಮ್ಮ ಹಗಲು ಕೇಂದ್ರದ ಶೌಚಾಲಯಕ್ಕೆ ಅನುದಾನ ಮಂಜೂರು ಮಾಡಿದ ವಿಶ್ವವಿದ್ಯಾಲಯಕ್ಕೂ ಮಾನ್ಯರಿಗೂ ಹಾರ್ದಿಕ ಅಭಿನಂದನೆಗಳು.’

ಅನುದಾನ ಮಂಜೂರಾಗಿರಲಿಲ್ಲ. ಮಂಜೂರು ಮಾಡಬೇಕೇ ಬೇಡವೇ ಎಂದು ನೋಡಲಿಕ್ಕೆ ನಾನು ಆಗಷ್ಟೇ ಬಸ್ಸಿಳಿದಿದ್ದೆ.

ಹಗಲು ಕೇಂದ್ರ ಎಂದರೆ ಹಿಂದೆ ನ್ಯಾಯಬೆಲೆ ಅಂಗಡಿಯಿದ್ದ ಎರಡು ಕೋಣೆ. ಗೇರುಬೀಜದ ಕಾರ್ಖಾನೆಗೆ, ಮನೆಕೆಲಸಕ್ಕೆ ಹೋಗುವ ಹೆಂಗಸರು, ನಡೆಯಲಾಗದ, ಒಬ್ಬರೇ ಇರಲಾಗದ ತಮ್ಮ ಮಕ್ಕಳನ್ನು ಬೆಳಿಗ್ಗೆ ಅಲ್ಲಿ ಬಿಟ್ಟು ಸಂಜೆ ಕರೆದೊಯ್ಯುತ್ತಾರೆ. ನೋಡಿಕೊಳ್ಳುವುದು ಊರಿನದೇ ಮಹಿಳಾ ಮಂಡಲ. ಅದರ ಅಧ್ಯಕ್ಷೆ ಹಿಂದೊಮ್ಮೆ ಪಂಚಾಯತ್ ಸದಸ್ಯೆಯಾಗಿದ್ದವರು, ಎತ್ತರದ ದನಿಯ ಹೆಂಗಸು. ಗೇಟಿನಲ್ಲೇ ನನ್ನ ಕೈ ಹಿಡಿದರು.

“ಬನ್ನಿ ಬನ್ನಿ ಮೇಡಂ. ಫೋಟೋದಲ್ಲಿ ನೋಡಿದ ಹಾಗೆಯೇ ಇದ್ದೀರಿ. ಸ್ವಲ್ಪ ಸಪೂರ.”

“ಅಕ್ಕ, ಆ ಫ್ಲೆಕ್ಸ್...”

“ಚಂದ ಬಂದಿದೆ ಅಲ್ವಾ? ಮೊದಲು ಕೂತ್ಕೊಳ್ಳಿ.”

ಕೂತುಕೊಳ್ಳಲು ತೋರಿಸಿದ ಕುರ್ಚಿಯ ಮೇಲೆ ಬಿಳಿ ಬಟ್ಟೆ ಹಾಸಿದ್ದನ್ನು ನೋಡಿದಾಗಲಾದರೂ ನನಗೆ ತಿಳಿಯಬೇಕಿತ್ತು. ತಿಳಿಯುವಷ್ಟರಲ್ಲಿ ಹೆಗಲ ಮೇಲೆ ಶಾಲು ಬಿದ್ದಾಗಿತ್ತು. ಹಾರ ಬಂತು. ಹಣ್ಣಿನ ಬುಟ್ಟಿ ಬಂತು. ಒಬ್ಬಾಕೆ ನನ್ನ ಓದು, ನನ್ನ ಸರಳತೆ, ನನ್ನ ಸೇವಾಮನೋಭಾವವನ್ನು ಕುರಿತು ಮಾತನಾಡಿದಳು. ನಾವು ಒಬ್ಬರನ್ನೊಬ್ಬರು ನೋಡುತ್ತಿದ್ದದ್ದು ಅದೇ ಮೊದಲು. ಏಳಬೇಕೆಂದುಕೊಂಡೆ. ಹೆಗಲಿಗೆ ಬಂದ ಶಾಲನ್ನು ಎಲ್ಲರೆದುರು ತೆಗೆದು ಕೊಡುವುದೆಂದರೆ ನಮ್ಮಲ್ಲಿ ಮುಖಕ್ಕೆ ಹೊಡೆದ ಹಾಗೆ. ಇಟ್ಟುಕೊಳ್ಳುವುದೆಂದರೆ ನಿಯಮ ಮುರಿದ ಹಾಗೆ. ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದೆ.

“ಮೇಡಂ ಎರಡು ಮಾತು,” ಎಂದರು ಅಧ್ಯಕ್ಷೆ.

ಮೈಕಿನ ಮುಂದೆ ನಿಂತು, ಆದಷ್ಟು ಸ್ಪಷ್ಟವಾಗಿ ಹೇಳಿದೆ: “ಅನುದಾನ ಇನ್ನೂ ಮಂಜೂರಾಗಿಲ್ಲ.”

ಎಲ್ಲರೂ ಚಪ್ಪಾಳೆ ತಟ್ಟಿದರು.

ನಗದೆ ನನ್ನನ್ನೇ ನೋಡುತ್ತಿದ್ದವಳು ಗಾಲಿಕುರ್ಚಿಯಲ್ಲಿದ್ದ ಒಬ್ಬ ಹುಡುಗಿ. ನನಗಿಂತ ಸ್ವಲ್ಪ ಚಿಕ್ಕವಳು. ಪಿಯುಸಿಯವರೆಗೆ ಓದಿದ್ದಾಳೆ, ಈಗ ಅಲ್ಲಿನ ಚಿಕ್ಕ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾಳೆ. ಸಭೆ ಮುಗಿದ ಮೇಲೆ ನಾನು ಬಾಟಲಿಯ ನೀರು ಕುಡಿದು, ಅಭ್ಯಾಸಬಲದಿಂದ ಅವಳತ್ತ ಚಾಚಿದೆ.

“ಬೇಡ ಮೇಡಂ. ನಾನು ಹಗಲು ಒಂಟೆ, ಸಂಜೆ ಮನುಷ್ಯಳು.”

ಅರ್ಥವಾಗಲಿಲ್ಲ. ಅವಳೇ ಕುರ್ಚಿ ತಿರುಗಿಸಿ ಹಿತ್ತಿಲಿನ ಬಾಗಿಲಿಗೆ ಕರೆದೊಯ್ದಳು. ಅಂಗಡಿಯ ಕಾಲದ ಶೌಚಾಲಯ ದಿಬ್ಬದ ಮೇಲಿತ್ತು. ಕಡಿದಾದ ಮೆಟ್ಟಿಲು, ಕುರ್ಚಿ ಹಿಡಿಯದ ಬಾಗಿಲು. ಚಿಕ್ಕ ಮಕ್ಕಳನ್ನಾದರೆ ಎತ್ತಿಕೊಂಡು ಹೋಗುತ್ತಾರೆ. ಇವಳು ಎತ್ತಿಸಿಕೊಳ್ಳುವುದಿಲ್ಲ. ಅದಕ್ಕೆ ಬೆಳಿಗ್ಗೆಯಿಂದ ಅಮ್ಮ ಬರುವವರೆಗೆ ಒಂದು ತೊಟ್ಟು ನೀರು ಕುಡಿಯುವುದಿಲ್ಲ. ಎರಡು ಸಲ ಸೋಂಕಾಗಿ ಬಂಟ್ವಾಳದ ಆಸ್ಪತ್ರೆಯಲ್ಲಿ ಮಲಗಿ ಬಂದಿದ್ದಾಳೆ. ಮತ್ತೆ ಹೀಗೇ ಆದರೆ ಕಿಡ್ನಿಗೆ ಕಷ್ಟ ಎಂದಿದ್ದಾರೆ ಡಾಕ್ಟರು.

“ಈ ಸಲವೂ ಆಗದಿದ್ರೆ ನಾನು ಇಲ್ಲಿಗೆ ಬರುದು ಬಿಡಬೇಕಂತೆ,” ಎಂದಳು. “ಮನೆಯಲ್ಲೇ ಒಬ್ಬಳೇ ಇರಬೇಕಾಗ್ತದೆ. ಅಮ್ಮ ಹೇಳಿ ಆಗಿದೆ.”

ಭರವಸೆ ಕೊಡಬಾರದೆಂಬ ನಿಯಮ ಅಷ್ಟು ಭಾರವಾದದ್ದೆಂದು ಅದುವರೆಗೆ ತಿಳಿದಿರಲಿಲ್ಲ.

ಹೊರಡುವಾಗ ಅಧ್ಯಕ್ಷೆಯನ್ನು ಬದಿಗೆ ಕರೆದು ಕೇಳಿದೆ. “ಅಕ್ಕ, ಸಿಗುವ ಮೊದಲೇ ಫ್ಲೆಕ್ಸ್ ಯಾಕೆ ಹಾಕಿದ್ದು?”

ಅವರು ನನ್ನನ್ನು ನೋಡಿದ ರೀತಿಯಲ್ಲಿ ಸ್ವಲ್ಪ ಕನಿಕರ ಇತ್ತು. “ಮಗಾ, ನಮ್ಮ ರಸ್ತೆ ನೋಡಿದ್ರಲ್ಲ, ಕಾಂಕ್ರೀಟ್? ಅರ್ಜಿ ಕೊಟ್ಟು ಕೊಟ್ಟು ಸಾಕಾಗಿತ್ತು. ಮತ್ತೆ ಒಂದು ದಿನ ‘ಅನುದಾನ ಕೊಟ್ಟವರಿಗೆ ಅಭಿನಂದನೆ’ ಅಂತ ಪೇಟೆಯಲ್ಲಿ ಹಾಕಿಬಿಟ್ಟೆವು. ಊರಿಡೀ ನೋಡಿದ ಮೇಲೆ ಇಲ್ಲ ಹೇಳ್ಲಿಕ್ಕೆ ಯಾರಿಗೆ ಆಗ್ತದೆ?”

“ಇದು ಹಾಗಲ್ಲ ಅಕ್ಕ. ಇದು ವಿಶ್ವವಿದ್ಯಾಲಯ.”

“ಅಲ್ಲಿ ಇರುದೂ ಮನುಷ್ಯರೇ ಅಲ್ವಾ?”

ಬಸ್ಸಿನಲ್ಲಿ ಯೋಚಿಸಿದಷ್ಟೂ ಗೋಜಲಾಯಿತು. ಅದು ನನ್ನ ಮೇಲೆ ಹೇರಿದ ಒತ್ತಡವೇ, ಅಥವಾ ಊರಿನ ಮರ್ಯಾದೆಯೇ? ಎರಡೂ ಆಗಿದ್ದರೆ ಯಾವ ಹೆಸರಿನಿಂದ ಬರೆಯಬೇಕು? ಬರೆದರೆ ಅರ್ಜಿ ತಿರಸ್ಕಾರವಾಗಬಹುದು. ಬರೆಯದಿದ್ದರೆ ಪೇಟೆಯಲ್ಲಿ ನನ್ನ ಮುಖ ನಗುತ್ತಲೇ ಇರುತ್ತದೆ. ಕೊನೆಗೆ ನಡೆದದ್ದನ್ನು ನಡೆದ ಹಾಗೆಯೇ ಬರೆದೆ: ಶಾಲು, ಬುಟ್ಟಿ, ಫ್ಲೆಕ್ಸ್, ಮೆಟ್ಟಿಲು, ಕುಡಿಯದ ನೀರು. ನನ್ನ ಅಭಿಪ್ರಾಯವನ್ನು ಪರಿಗಣಿಸದೆ ಬೇರೆಯವರನ್ನು ಕಳಿಸಬೇಕೆಂದು ಕೇಳಿಕೊಂಡೆ. ಫ್ಲೆಕ್ಸಿನ ಫೋಟೋವನ್ನೂ ಜೊತೆಗಿಟ್ಟೆ. ಶಾಲನ್ನು ಕಚೇರಿಯ ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

ಮರುದಿನ, ಅನುದಾನದ ಉಸ್ತುವಾರಿಯಿದ್ದ ನಮ್ಮ ವಿಭಾಗದ ಪ್ರಾಧ್ಯಾಪಕರು ಕರೆದರು. ಬೈಗುಳಕ್ಕೆ ಸಿದ್ಧಳಾಗಿ ಹೋದೆ.

“ಈ ಫೋಟೋ ಇನ್ನೂ ಸ್ಪಷ್ಟ ಇರುವುದು ಉಂಟಾ?” ಎಂದರು. “ನಮ್ಮ ಲಾಂಛನ ಎಷ್ಟು ದೊಡ್ಡದಾಗಿ ಹಾಕಿದ್ದಾರೆ ನೋಡಿ! ಮುಂದಿನ ತಿಂಗಳು ನಮಗೆ ಗ್ರೇಡ್ ಕೊಡುವ ಪರಿಶೀಲನಾ ತಂಡ ಬರ್ತದೆ. ಸಮಾಜದೊಂದಿಗೆ ಸಂಬಂಧ ತೋರಿಸ್ಲಿಕ್ಕೆ ನಮ್ಮತ್ರ ಬೇರೆ ಎಂತ ಉಂಟು?”

“ಸರ್, ಅನುದಾನ ಮಂಜೂರಾಗಿದೆ ಅಂತ ಹಾಕಿದ್ದಾರೆ. ಆಗಿಲ್ಲ.”

“ಹಾಗಾದ್ರೆ ಮಂಜೂರು ಮಾಡುವ.”

ಅಷ್ಟೇ. ಅಧ್ಯಕ್ಷೆ ಹೇಳಿದ ಹಾಗೆಯೇ ಆಯಿತು. ಸಂತೋಷಪಡಬೇಕೋ ಬೇಡವೋ ಗೊತ್ತಾಗಲಿಲ್ಲ. ಎರಡು ವಾರದಲ್ಲಿ ಬಂದ ಆದೇಶ ಓದಿದಾಗ ಮಾತ್ರ ಆ ಪ್ರಶ್ನೆ ಉಳಿಯಲಿಲ್ಲ. ಅನುದಾನ ಮಂಜೂರಾಗಿತ್ತು, ಆದರೆ ಕಟ್ಟಡ ಕಾಮಗಾರಿಗೆ ನಮ್ಮ ಯೋಜನೆಯಲ್ಲಿ ಅವಕಾಶವಿಲ್ಲವೆಂದು, ಶೌಚಾಲಯದ ಬದಲು ‘ನೈರ್ಮಲ್ಯ ಜಾಗೃತಿ ತರಬೇತಿ’ ಎಂದು ಮಾಡಿದ್ದರು.

ಅದನ್ನು ಫೋನಿನಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ. ಸಿದ್ಧಕಟ್ಟೆಗೆ ಹೋಗಿಯೇ ಹೇಳಿದೆ.

“ತರಬೇತಿಯಾ?” ಎಂದರು ಅಧ್ಯಕ್ಷೆ. “ಕೈ ತೊಳೆಯುದು ಹೇಗೆ ಅಂತ ಹೇಳ್ಕೊಡುದಾ?”

“ಹೌದು ಅಕ್ಕ.”

“ಎಲ್ಲಿಗೆ ಹೋಗಿ ಬಂದು ತೊಳೆಯುದು?” ಎಂದಳು ಗಾಲಿಕುರ್ಚಿಯ ಹುಡುಗಿ. ಯಾರೂ ನಗಲಿಲ್ಲ.

ಅಧ್ಯಕ್ಷೆ ಸೆರಗಿನ ತುದಿ ತಿರುಚಿದರು. ಮತ್ತೆ ಕೇಳಿದರು: “ತರಬೇತಿಗೆ ಸಾಮಾನು ತೆಗೀಬಹುದಾ?”

“ಪ್ರಾತ್ಯಕ್ಷಿಕೆಗೆ ಬೇಕಾದದ್ದು ತೆಗೆಯಬಹುದು. ಕಟ್ಟುವ ಹಾಗಿಲ್ಲ.”

“ಕಟ್ಟುದಿಲ್ಲ,” ಎಂದರು. “ನೀವು ಹೋಗಿ ಬನ್ನಿ ಮಗಾ.”

ಆ ಮಾತಿನ ಹಿಂದೆ ಏನಿದೆ ಎಂದು ಕೇಳಲಿಲ್ಲ. ಕೇಳಬೇಕಿತ್ತೋ ಏನೋ.

ಕೆಲಸ ಮುಗಿದಿದೆ, ನೋಡಲು ಬನ್ನಿ ಎಂಬ ಸಂದೇಶ ಮಳೆಗಾಲಕ್ಕೆ ಮೊದಲೇ ಬಂತು. ಈ ಸಲ ಬಸ್ಸಿಳಿದಾಗ ಪೇಟೆಯಲ್ಲಿ ನನ್ನ ಮುಖವಿರಲಿಲ್ಲ. ಕೊನೆಗೂ ಇಳಿಸಿದರಲ್ಲ ಎಂದು ಹಗುರವಾಯಿತು.

ಮುಖ ಕೇಂದ್ರದ ಹಿತ್ತಿಲಿನಲ್ಲಿತ್ತು.

ಹಿಂಬಾಗಿಲಿಗೆ ಸಮವಾಗಿ, ಮೊದಲು ಬಟ್ಟೆ ಒಗೆಯುತ್ತಿದ್ದ ಸಿಮೆಂಟಿನ ಜಾಗ. ಅದರ ಮೂಲೆಗಳಲ್ಲಿ ಸಿಮೆಂಟ್ ತುಂಬಿದ ಪೇಂಟಿನ ಡಬ್ಬಿಗಳು, ಡಬ್ಬಿಗಳಲ್ಲಿ ಶಾಮಿಯಾನದವರ ಕಬ್ಬಿಣದ ಕಂಬಗಳು. ಮೇಲೆ ತಗಡು. ಒಳಗೆ ಆಸ್ಪತ್ರೆಯಲ್ಲಿರುವಂಥ ಕಮೋಡ್ ಕುರ್ಚಿ, ಹಿಡಿದುಕೊಳ್ಳಲು ಅಡ್ಡ ಸರಳು, ಬಕೆಟು, ದಿಬ್ಬದ ಬುಡದಲ್ಲಿದ್ದ ಹಳೆಯ ಶೌಚಾಲಯದ ಗುಂಡಿಗೆ ಹೋಗುವ ಪೈಪು. ಎಲ್ಲವೂ ಪ್ರಾತ್ಯಕ್ಷಿಕೆಯ ಸಾಮಾನು. ಮೂರು ಬದಿಗೆ ಬೇರೆ ಬೇರೆ ಕಾರ್ಯಕ್ರಮಗಳ ಹಳೆಯ ಫ್ಲೆಕ್ಸ್, ಬೆನ್ನು ತಿರುಗಿಸಿ ಕಟ್ಟಿದ್ದು. ನಾಲ್ಕನೆಯ ಬದಿಯಲ್ಲಿ ಪರದೆಯ ಹಾಗೆ ಸರಿಯುವುದು ನನ್ನದು. ಮಲ್ಲಿಗೆ ಮುಡಿದು, ಹಲಸಿನ ಮರದತ್ತ ನೋಡಿ ನಗುತ್ತಿದ್ದೆ.

“ನಿಮ್ಮನ್ನು ಕೆಳಗೆ ಬಿಸಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ,” ಎಂದರು ಅಧ್ಯಕ್ಷೆ. “ಒಳ್ಳೆ ದಪ್ಪದ ಫ್ಲೆಕ್ಸ್.”

“ಮೊದಲು ಮುಖ ಒಳಗೆ ಮಾಡಿ ಹಾಕಿದ್ರು ಮೇಡಂ,” ಎಂದಳು ಹುಡುಗಿ. “ನೀವು ಹಾಗೆ ನೋಡ್ತಾ ಕೂತ್ರೆ ನನಗೆ ಆಗ್ತದಾ? ನಾನೇ ತಿರುಗಿಸಿದ್ದು.”

ಅವಳ ತೊಡೆಯ ಮೇಲೆ ಸ್ಟೀಲಿನ ಲೋಟ ಇತ್ತು. ಮಾತಿನ ನಡುವೆ ಅದನ್ನೆತ್ತಿ ಕುಡಿದಳು, ಮತ್ತೆ ತುಂಬಿಸಿಕೊಂಡಳು. ಅವಳು ಅದನ್ನು ನನಗೆ ತೋರಿಸಲೆಂದು ಮಾಡುತ್ತಿರಲಿಲ್ಲ. ಸೆಖೆಯಿತ್ತು, ಬಾಯಾರಿತ್ತು, ಅಷ್ಟೇ.

ನನ್ನ ವರದಿಗೆ ಒಂದು ಫೋಟೋ ಬೇಕಿತ್ತು. ಜೊತೆಗೆ ಯಾವುದೇ ನಿರ್ಮಾಣ ನಡೆದಿಲ್ಲವೆಂಬ ನನ್ನ ದೃಢೀಕರಣ. ಕಂಬಗಳ ಬುಡ ನೋಡಿದೆ. ನೆಲ ಅಗೆದಿರಲಿಲ್ಲ. ನಾಲ್ಕು ಜನ ಸೇರಿದರೆ ಇಡೀ ಕೋಣೆಯನ್ನು ಎತ್ತಿ ಆಚೆ ಇಡಬಹುದು. ಹಾಗಾದರೆ ಇದು ನಿರ್ಮಾಣವಲ್ಲ. ಆದರೆ ಒಬ್ಬಳು ಒಳಗೆ ಹೋಗಿ ಪರದೆ ಎಳೆದುಕೊಂಡರೆ ಹೊರಗಿನವರಿಗೆ ಕಾಣದಂಥ ಜಾಗವನ್ನು ನಿರ್ಮಾಣವಲ್ಲದೆ ಇನ್ನೇನೆಂದು ಕರೆಯಬೇಕು? ಫೋನ್ ಹಿಡಿದು ಹಿಂದೆ ಸರಿದೆ, ಬದಿಗೆ ಸರಿದೆ. ಎಲ್ಲಿಂದ ಹಿಡಿದರೂ ಚೌಕಟ್ಟಿನಲ್ಲಿ ತುಂಬುತ್ತಿದ್ದದ್ದು ನನ್ನದೇ ಮಸುಕು ಕೆನ್ನೆ.

“ಮೇಡಂ, ಸ್ವಲ್ಪ ಆಚೆ ನಿಲ್ತೀರಾ?” ಎಂದಳು ಹುಡುಗಿ. ಕುರ್ಚಿ ತಿರುಗಿಸಿಕೊಂಡು ಒಳಗೆ ಹೋಗಿ, ನನ್ನನ್ನು ಬಾಗಿಲಿನಂತೆ ಎಳೆದುಕೊಂಡಳು.

ನಾನು ಫೋನನ್ನು ಚೀಲಕ್ಕೆ ಹಾಕಿ ಹಲಸಿನ ಮರದತ್ತ ಹೋಗಿ ನಿಂತೆ.